ತೊಳೆದಿಟ್ಟ ರಾಶಿ

ಬೈಕು ನಿಲ್ಲಿಸಿ ಹೆಲ್ಮೆಟ್ ತೆಗೆಯುವಾಗ ಮರ್ಗೊನೊ ಎಂದಿನಂತೆ ಉಸಿರು ಬಿಗಿಹಿಡಿದ. ಹನ್ನೊಂದು ವರ್ಷದ ಅಭ್ಯಾಸ. ಗೊಬ್ಬರದ ಶೆಡ್ಡಿನ ಮೊದಲ ಉಸಿರನ್ನು ನಾವೇ ಬೇಕೆಂದಾಗ ಎಳೆದುಕೊಳ್ಳಬೇಕು, ಅದಾಗಿ ಅದು ನುಗ್ಗಲು ಬಿಡಬಾರದು ಎಂದು ಯಾವತ್ತೋ ಕಲಿತದ್ದು. ಎಳೆದುಕೊಂಡ. ಏನೂ ಬರಲಿಲ್ಲ. ಕೊಳೆತ ಎಲೆಕೋಸಿಲ್ಲ, ಹುಳಿ ಬಂದ ಮಾವಿಲ್ಲ, ರಾಶಿ ತಿರುವಿದಾಗ ಮುಖಕ್ಕೆ ಹೊಡೆಯುವ ಹಬೆಯಿಲ್ಲ. ನೆಲ ತೊಳೆಯುವ ಕಾರ್ಬೋಲಿನ ವಾಸನೆ ಮಾತ್ರ, ಆಸ್ಪತ್ರೆಯ ಓಣಿಯಲ್ಲಿ ಬರುವಂಥದ್ದು. ಮೊನ್ನೆ ಸಂಜೆ ಇದೇ ವಾಸನೆಗೆ ಅವನ ಎದೆ ಉಬ್ಬಿತ್ತು. ಕಲಿವಾಂಗಿಯ ದೊಡ್ಡ ತರಕಾರಿ ಮಾರುಕಟ್ಟೆಯ ಹಿಂದಿನ ಈ ಶೆಡ್ಡು ಇಷ್ಟು ಚೊಕ್ಕಟವಾಗಿ ಯಾವತ್ತೂ ಇರಲಿಲ್ಲ. ಕಂಬಗಳಿಗೆ ಸುಣ್ಣ, ನೆಲಕ್ಕೆ ಮೂರು ಸಲ ನೀರು, ಮೂರು ರಾಶಿಗಳ ಮೇಲೆ ಹೊಸ ನೀಲಿ ಟಾರ್ಪಾಲು, ಬಾಗಿಲಿಗೆ ಎಳೆ ತೆಂಗಿನಗರಿಯ ತೋರಣ. ಈಗ ಅವನು ಟಾರ್ಪಾಲಿನ ಅಂಚೆತ್ತಿ, ಉದ್ದ ಕಬ್ಬಿಣದ ಥರ್ಮಾಮೀಟರನ್ನು ನಡುವಿನ ರಾಶಿಯೊಳಗೆ ಮೊಳದುದ್ದ ತಳ್ಳಿ ಕಾದ. ಮೂವತ್ತೊಂದು. ಹೊರಗೆಳೆದು ಗಾಳಿಯಲ್ಲಿ ಹಿಡಿದು ನೋಡಿದ. ಮೂವತ್ತೊಂದು. ರಾಶಿ ಅರವತ್ತರಲ್ಲಿ ಕುದಿಯಬೇಕು, ಕೈಯಿಟ್ಟರೆ ಹಿಂದಕ್ಕೆ ಎಳೆದುಕೊಳ್ಳುವಂತಿರಬೇಕು. ಇದು ಬರೀ ಸೊಪ್ಪಿನಂಗಡಿಯ ಕಸ, ಅಲಂಕಾರ ಮಾಡಿಸಿಕೊಂಡು ಕೂತಿದೆ.

ಒಂಬತ್ತೂವರೆಗೆ ತಂಜುಂಗ್ ಲಾವೆ ಊರಿನವರು ಬರುತ್ತಾರೆ, ಸಮುದ್ರದಾಚೆ ಸುಲವೇಸಿ ದ್ವೀಪದಿಂದ. ಅವರು ಬರುವುದು ಐದು ಊರಿನ ನಗರಸಭೆಗಳು ಸೇರಿ ಮಾಡಿಕೊಂಡ ಒಡಂಬಡಿಕೆಯಂತೆ: ಪ್ರತಿ ಊರೂ ತಾನು ಗಾಳಿಗೆ ಬಿಡುವ ಹೊಗೆ, ಅನಿಲವನ್ನು ಇಷ್ಟಿಷ್ಟು ಕಡಿಮೆ ಮಾಡುತ್ತೇನೆಂದು ಉಳಿದ ನಾಲ್ಕು ಊರಿಗೆ ಮಾತು ಕೊಡುವುದು, ವರ್ಷಕ್ಕೊಮ್ಮೆ ಒಬ್ಬರ ಕೆಲಸವನ್ನು ಇನ್ನೊಬ್ಬರು ಬಂದು ಮುಟ್ಟಿ ನೋಡಿ ವರದಿ ಬರೆಯುವುದು. ಒಬ್ಬರದು ಬಸ್ಸು, ಒಬ್ಬರದು ಬೀದಿದೀಪ, ಒಬ್ಬರದು ಕಡಲಂಚಿನ ಕಾಂಡ್ಲಾ ಕಾಡು. ಕಲಿವಾಂಗಿಯದು ಈ ಗೊಬ್ಬರ. ಅದನ್ನು ನೋಡಿ ತಂಜುಂಗ್ ಲಾವೆಯವರೂ ತಮ್ಮೂರಲ್ಲಿ ಒಂದು ಮಾಡಿಕೊಂಡಿದ್ದರು. ಮಾರುಕಟ್ಟೆಯ ಕಸ ಊರಾಚೆಯ ಗುಂಡಿಗೆ ಹೋದರೆ ಗಾಳಿಯಾಡದೆ ಕೊಳೆತು ಮೀಥೇನ್ ಬಿಡುತ್ತದೆ, ಅದು ಹೊಗೆಗಿಂತ ಕೆಟ್ಟದ್ದು. ಇಲ್ಲಿ ತಿರುವಿ ತಿರುವಿ ಗಾಳಿಯಾಡಿಸಿ ಬಿಸಿಯೇರಿಸಿದರೆ ಮಣ್ಣಾಗುತ್ತದೆ. ಮರ್ಗೊನೊನಿಗೆ ಗೊತ್ತಿದ್ದದ್ದು ಇಷ್ಟೇ, ಶೆಡ್ಡಿನ ಮೇಲ್ವಿಚಾರಕನಾದವನಿಗೆ ಇಷ್ಟು ಸಾಕಾಗಿತ್ತು. ಆದರೆ ಶೆಡ್ಡಿನ ಜಾಗದ ಮೇಲೆ ಅಂಗಡಿಯವರ ಕಣ್ಣಿತ್ತು, ಕಾರು ನಿಲ್ಲಿಸಲು. ಇವತ್ತಿನ ವರದಿ ಚೆನ್ನಾಗಿ ಬಂದರೆ ಐದು ವರ್ಷ ಯಾರೂ ಇದನ್ನು ಮುಟ್ಟುವಂತಿಲ್ಲ. ಬರದಿದ್ದರೆ ಇಲ್ಲಿ ದಿನಗೂಲಿಗೆ ದುಡಿಯುವ ಒಂಬತ್ತು ಹೆಂಗಸರು ಮನೆಗೆ. ಅವನಿಗೇನೂ ಆಗುವುದಿಲ್ಲ. ಅವನನ್ನು ಬೇರೆ ಕಚೇರಿಗೆ, ಫ್ಯಾನಿನ ಕೆಳಗಿನ ಕುರ್ಚಿಗೆ ಹಾಕುತ್ತಾರೆ. ಈ ಯೋಚನೆ ಬಂದಾಗಲೆಲ್ಲ ಅವನಿಗೆ ಯಾರ ಮೇಲಾದರೂ ರೇಗಬೇಕೆನ್ನಿಸುತ್ತಿತ್ತು.

ಎರಡು ತಿಂಗಳ ಹಿಂದೆ ಪುರಭವನದ ಸಭೆಯಲ್ಲಿ ಅವನು ಕೂತ ಕೂಡಲೇ ಪಕ್ಕದ ಹೆಂಗಸು ತನ್ನ ಕುರ್ಚಿಯನ್ನು ಗೇಣುದ್ದ ಆಚೆ ಸರಿಸಿದ್ದಳು. ಒಂದು ಮಾತಿಲ್ಲ, ಮುಖ ಸಿಂಡರಿಸಲಿಲ್ಲ, ನಕ್ಕೇ ಸರಿಸಿದಳು. ಆಮೇಲೆ ಯಾರೋ ಎದ್ದು ಹೋಗಿ, ಎ.ಸಿ. ಸರಿಯಿಲ್ಲ ಅಂತ ಗೊಣಗಿ, ಕಿಟಕಿ ತೆಗೆದರು. ಎ.ಸಿ. ಸರಿಯಾಗಿಯೇ ಇತ್ತು, ಅವನ ಕತ್ತಿನ ಮೇಲೆ ತಣ್ಣಗೆ ಬೀಸುತ್ತಿತ್ತು. ಅವನು ಅವತ್ತು ಎರಡು ಸಲ ಸ್ನಾನ ಮಾಡಿ, ಹೆಂಡತಿ ಇಸ್ತ್ರಿ ಮಾಡಿದ ಬಾಟಿಕ್ ಅಂಗಿ ಹಾಕಿ ಹೋಗಿದ್ದ. ಮನೆಯಲ್ಲೂ ಅಷ್ಟೇ. ಮಗಳು ಬಾಣಂತನಕ್ಕೆ ಬಂದ ಮೇಲೆ ಬಚ್ಚಲ ಬಾಗಿಲ ಮೊಳೆಗೆ ಒಂದು ಟವೆಲು ನೇತುಹಾಕತೊಡಗಿದ್ದಳು, ಅವನು ಬರುವ ಹೊತ್ತಿಗೆ ಸರಿಯಾಗಿ. ಸ್ನಾನ ಮಾಡದೆ ಕೂಸನ್ನು ಎತ್ತಿಕೊಳ್ಳಬೇಡ ಅಂತ ಅವಳು ಒಂದು ದಿನವೂ ಅಂದವಳಲ್ಲ. ಟವೆಲು ಅನ್ನುತ್ತಿತ್ತು. ಬೈದಿದ್ದರೆ ಅವನೂ ಬೈಯಬಹುದಿತ್ತು. ನಕ್ಕು ಸರಿಸಿದ ಕುರ್ಚಿಯನ್ನು, ಮಡಿಸಿ ಹಾಕಿದ ಟವೆಲನ್ನು ಬೈಯುವುದು ಹೇಗೆ? ಹಾಗಾಗಿ ಮೊನ್ನೆ, ಅತಿಥಿಗಳು ಬರುವ ಎರಡು ದಿನ ಮುಂಚೆ, ಸಿಕ್ಕವರನ್ನು ಬೈದ. ಸಿಕ್ಕವಳು ಗಿನೆಮ್.

ಗಿನೆಮ್‌ಗೆ ಅರವತ್ತರ ಹತ್ತಿರ. ಶೆಡ್ಡು ಶುರುವಾದ ದಿನದಿಂದ ಇದ್ದವಳು, ಹೆಂಗಸರಲ್ಲಿ ಹಿರಿಯಳು. ಎಲ್ಲರೂ ಅವಳನ್ನು ಯು ಅನ್ನುತ್ತಿದ್ದರು, ಅಕ್ಕ ಅಂದಂತೆ, ಅವನೂ ಹಾಗೇ ಅನ್ನುತ್ತಿದ್ದ. ಅವಳು ಅವನನ್ನು ಪಾಕ್ ಅನ್ನುತ್ತಿದ್ದಳು, ಸಾಹೇಬ್ರೇ ಅಂದಂತೆ. ಊರಿಗೆ ದೊಡ್ಡವರು ಬರುತ್ತಾರೆಂದರೆ ಕಂಡದ್ದನ್ನೆಲ್ಲ ತೊಳೆದು ಬಳಿದು ಇಡುವುದು ಇಲ್ಲಿ ಹುಟ್ಟಿನಿಂದ ಬಂದದ್ದು, ಅದಕ್ಕೆ ಯಾರೂ ಹೇಳಬೇಕಾಗಿಲ್ಲ. ಗಿನೆಮ್ ಕೂಡ ಪೊರಕೆ ಹಿಡಿದೇ ನಿಂತಿದ್ದಳು. ಆದರೆ ಅವನು ಆರು ರಾಶಿಗಳನ್ನು ಲಾರಿಗೆ ತುಂಬಿ ಊರಾಚೆಯ ಗುಂಡಿಗೆ ಕಳಿಸಿ, ಉಳಿದ ಮೂರನ್ನು ಹಬ್ಬದ ಅನ್ನದ ರಾಶಿಯ ಹಾಗೆ ಚೂಪಾಗಿ ಕಟ್ಟಿ, ನೊಣ ಬರದಂತೆ ಮೇಲೆ ಕಾರ್ಬೋಲು ಚಿಮುಕಿಸಿ, ಹೆಪ್ಪಿನ ತೊಟ್ಟಿ ಖಾಲಿ ಮಾಡಿ ಉಜ್ಜಿ ಅಂದಾಗ ಅವಳು ಕದಲಲಿಲ್ಲ.

"ತೊಟ್ಟಿ ಬೇಡ ಪಾಕ್."

"ಯಾಕೆ?"

"ಅದ್ರಲ್ಲಿ ಹಳೇದಿದೆ. ಅದನ್ನ ಹಾಕಿದ್ರೇನೇ ಹೊಸ ರಾಶಿ ಬಿಸಿ ಆಗೋದು. ಹನ್ನೊಂದು ವರ್ಷದಿಂದ ಒಂದ್ಸಲಾನೂ ಬರಿದು ಮಾಡಿಲ್ಲ ನಾನು."

"ಅದೇ ನಾರ್ತಿರೋದು. ತೆಗೀರಿ."

"ಬೇಡ ಪಾಕ್. ಕಾರ್ಬೋಲೂ ಬೇಡ. ರಾಶಿಗೆ ಥಂಡಿ ಹಿಡಿಯುತ್ತೆ."

"ತೆಗೀರಿ ಅಂದೆ."

"ಬೇಡ ಅಂತ ಹೇಳ್ತಿದೀನಿ..."

ಆಗ ಅವನು ಕಿರುಚಿದ. ಎಂಟು ಹೆಂಗಸರ ಎದುರಿಗೆ, ತರಕಾರಿ ಇಳಿಸುತ್ತಿದ್ದ ಹಮಾಲರ ಎದುರಿಗೆ. "ಎರಡನೇ ಕ್ಲಾಸು ಓದಿದೋಳು ನನಗೆ ಪಾಠ ಹೇಳ್ತೀಯಾ?" ಏಕವಚನದಲ್ಲಿ ಅಂದುಬಿಟ್ಟಿದ್ದ, ಅಕ್ಕ ಅನ್ನುತ್ತಿದ್ದವಳಿಗೆ. ಗಿನೆಮ್ ನೆಲ ನೋಡಿದಳು, "ಆಗ್ಲಿ ಪಾಕ್" ಅಂದಳು, ತೊಟ್ಟಿಗೆ ಇಳಿದಳು. ಈ ಊರಿನಲ್ಲಿ ಆಗಲಿ ಅಂದರೆ ಒಪ್ಪಿದೆ ಅಂತಲ್ಲ, ಕೇಳಿಸಿತು ಅಂತ. ಅದೂ ಅವನಿಗೆ ಹುಟ್ಟಿನಿಂದ ಗೊತ್ತಿದ್ದದ್ದೇ.

"ಪಾಕ್ ಮರ್ಗೊನೊ! ಇದೇನ್ರೀ ಶೆಡ್ಡೋ ಹೋಟೆಲ್ಲೋ?" ಈಗ ಬಾಗಿಲಿಗೆ ಪುರಭವನದ ಶಿಷ್ಟಾಚಾರ ವಿಭಾಗದ ಪ್ರಯಿತ್ನೊ ಬಂದಿದ್ದ. ಮೇಯರರ ಕಾರು ಎಲ್ಲಿ ನಿಲ್ಲಬೇಕು, ಯಾರು ಯಾರ ಪಕ್ಕ ಕೂರಬೇಕು ಎಂದು ನೋಡಿಕೊಳ್ಳುವ ಕೆಲಸ ಅವನದು. ವಯಸ್ಸಿನಲ್ಲಿ ಹತ್ತು ವರ್ಷ ಚಿಕ್ಕವನು, ಹುದ್ದೆಯಲ್ಲಿ ಮೇಲೆ. ಈವರೆಗೆ ಬಂದಾಗಲೆಲ್ಲ ಮೂಗಿಗೆ ಕರವಸ್ತ್ರ ಹಿಡಿಯುತ್ತಿದ್ದವನು ಇವತ್ತು ಅದನ್ನು ಜೇಬಿನಿಂದ ತೆಗೆಯಲೇ ಇಲ್ಲ. ಇದಕ್ಕಾಗಿ ತಾನೇ ಇಷ್ಟೆಲ್ಲ ಮಾಡಿದ್ದು. ಮರ್ಗೊನೊ ಆ ಸಂತೋಷ ಎಲ್ಲಾದರೂ ಇದೆಯೇ ಎಂದು ತನ್ನೊಳಗೆ ಹುಡುಕಿದ. "ಹೀಗೆ ಇಟ್ಕೊಳೋದಾದ್ರೆ ನಾಳೆಯಿಂದಲೇ ಕಾರ್ ನಿಲ್ಲಿಸಬಹುದು ನೋಡಿ ಇಲ್ಲಿ," ಎಂದು ಪ್ರಯಿತ್ನೊ ತನ್ನ ತಮಾಷೆಗೆ ತಾನೇ ನಕ್ಕು, ಸಾಲಾಗಿ ಇಟ್ಟ ಕುರ್ಚಿಗಳನ್ನು, ತಿಂಡಿಯ ಡಬ್ಬಿಗಳನ್ನು ಎಣಿಸಿ, ಆಮೇಲೆ ನೆನಪಾದವನಂತೆ, "ಬಿಸಿ ಇದೆ ತಾನೇ? ಅವರು ಬಿಸಿ ನೋಡಕ್ಕೇ ಬರ್ತಿರೋದು," ಅಂದ.

"ಹೆಂಗಸರು ಸ್ವಲ್ಪ ಜಾಸ್ತಿ ತೊಳೆದುಬಿಟ್ಟಿದಾರೆ," ಎಂದ ಮರ್ಗೊನೊ.

ಹೇಳಿದ ಮೇಲೆ ಅವನಿಗೆ ಕೇಳಿಸಿತು. ಅದು ಅವನದೇ ದನಿ, ನಿರಾಯಾಸವಾಗಿ, ಕಫ ಉಗುಳಿದಷ್ಟು ಸುಲಭವಾಗಿ ಬಂದ ಮಾತು. ಗಿನೆಮ್ ನಾಲ್ಕು ಹೆಜ್ಜೆ ದೂರದಲ್ಲಿ ಅತಿಥಿಗಳ ನೀರಿನ ಬಾಟಲಿ ಜೋಡಿಸುತ್ತಿದ್ದಳು. ಕೇಳಿಸಿತೋ ಇಲ್ಲವೋ. ಅವಳ ಬೆನ್ನು ಮಾತ್ರ ಕಾಣುತ್ತಿತ್ತು, ಇವತ್ತಿಗಾಗಿ ಕೊಟ್ಟ ಹಸಿರು ಸಮವಸ್ತ್ರದ ಮಡಿಕೆ ಬಿಚ್ಚದ ಬೆನ್ನು. ಆರು ವರ್ಷದ ಹಿಂದೆ ಅವನ ಹೆಂಡತಿ ಹೊಟ್ಟೆಯ ಆಪರೇಷನ್ನಿಗೆ ಆಸ್ಪತ್ರೆ ಸೇರಿದಾಗ ಇಪ್ಪತ್ತಮೂರು ದಿನ ಪ್ರತಿ ಮಧ್ಯಾಹ್ನ ಅವನ ಬೈಕಿನ ಸೀಟಿನ ಮೇಲೆ ಎಲೆಯಲ್ಲಿ ಕಟ್ಟಿದ ಅನ್ನದ ಪೊಟ್ಟಣ ಇರುತ್ತಿತ್ತು. ಸೋಯಾಕಾಳು ಹುದುಗಿಸಿ ಮಾಡಿದ ಟೆಂಪೆ ಬಿಲ್ಲೆ ಹುರಿದದ್ದು, ಕಡಲೆಕಾಯಿ ಚಟ್ನಿ ಹಚ್ಚಿದ ಸೊಪ್ಪು. ಯಾರಿಟ್ಟದ್ದು ಎಂದು ಅವನು ಒಂದು ವಾರ ಕೇಳಲಿಲ್ಲ, ತಿಂದ. ಎಂಟನೇ ದಿನ ಗದರಿಸಿದ ದನಿಯಲ್ಲಿ ಕೇಳಿದಾಗ ಗಿನೆಮ್, "ಸೀಟು ಬಿಸಿಲಿಗೆ ಕಾದಿರುತ್ತಲ್ಲ ಪಾಕ್, ಅನ್ನ ಆರಲ್ಲ ಅಂತ ಅಲ್ಲಿಟ್ಟೆ," ಅಂದಿದ್ದಳು, ಸೀಟಿನ ಮೇಲೆ ಇಟ್ಟದ್ದಕ್ಕೆ ಅವನು ಬೈಯುತ್ತಿದ್ದಾನೆ ಎಂದುಕೊಂಡು. ಅವನು ಬೈಕು ಹತ್ತಿ ಹೋಗಿದ್ದ. ಹೆಂಡತಿ ಗುಣವಾಗಿ ಬಂದಳು, ಈಗಲೂ ದಿನಾ ಅವನ ಅಂಗಿ ಇಸ್ತ್ರಿ ಮಾಡುತ್ತಾಳೆ. ಆವತ್ತಿನಿಂದ ಗಿನೆಮ್ ಎದುರು ಬಂದಾಗಲೆಲ್ಲ ಅವನು ಅವಳ ಪೊರಕೆಯಲ್ಲೋ ಬುಟ್ಟಿಯಲ್ಲೋ ತಪ್ಪು ಹುಡುಕಿ ಒಂದು ಮಾತು ಹೆಚ್ಚಾಗಿಯೇ ಬೈಯುತ್ತಿದ್ದ. ಅವನೊಳಗೆ ಕೃತಜ್ಞತೆಗೆ ಬೇರೆ ಬಾಗಿಲೇ ಇರಲಿಲ್ಲ, ಅದು ಸಿಟ್ಟಿನ ಬಾಗಿಲಿಂದಲೇ ಹೊರಗೆ ಬರಬೇಕಾಗಿತ್ತು.

ಅತಿಥಿಗಳ ವ್ಯಾನಿನಿಂದ ಇಬ್ಬರೇ ಇಳಿದರು. ಕಣ್ಣು ಕೆಳಗೆ ಹಾಕಿದ ಒಬ್ಬ ಸಣಕಲು ಇಂಜಿನಿಯರ್, ಹೆಸರು ರುಸ್ಮಾನ್. ಇನ್ನೊಬ್ಬರು ಬು ತೆನ್ರಿ, ತೆನ್ರಿ ಮೇಡಂ ಅಂದಂತೆ, ತಂಜುಂಗ್ ಲಾವೆಯ ನೈರ್ಮಲ್ಯ ವಿಭಾಗದ ಮುಖ್ಯಸ್ಥೆ, ಕುಳ್ಳಗಿನ ಗಟ್ಟಿ ಹೆಂಗಸು. ಕೈಯಲ್ಲಿ ಪ್ಲಾಸ್ಟಿಕ್ ಚೀಲ, ಅದರಲ್ಲಿ ರಬ್ಬರ್ ಬೂಟು. ಪ್ರಯಿತ್ನೊ ಬಗ್ಗಿ ಕುರ್ಚಿ ತೋರಿಸುವಷ್ಟರಲ್ಲಿ ಅವರು ಕಂಬ ಹಿಡಿದುಕೊಂಡು ಚಪ್ಪಲಿ ಕಳಚಿ ಬೂಟು ಹಾಕಿಕೊಳ್ಳುತ್ತಿದ್ದರು.

"ಬು, ಮೊದಲು ಟೀ, ಆಮೇಲೆ ಸ್ವಾಗತ ಭಾಷಣ..."

"ಟೀ ಎಲ್ಲಿಗೆ ಹೋಗುತ್ತೆ? ರಾಶಿ ಎಲ್ಲಿ?"

ಈ ಊರಲ್ಲಿ ಯಾರೂ ಹಾಗೆ ಮಾತಾಡುವುದಿಲ್ಲ. ಮರ್ಗೊನೊನಿಗೆ ಆ ದನಿ ಕಿವಿಗೆ ಹಿತವಾಯಿತು. ಬು ತೆನ್ರಿ ನೀಲಿ ಟಾರ್ಪಾಲನ್ನು ಸರಕ್ಕನೆ ಎಳೆದರು. ತೋಳು ಮಡಿಚಿದರು. ಮೊಣಕೈವರೆಗೆ ರಾಶಿಯೊಳಗೆ ತೂರಿಸಿ, ಹಸುವಿನ ಹೊಟ್ಟೆಯಲ್ಲಿ ಕರು ಹುಡುಕುವವರ ಹಾಗೆ ತಲೆ ಓರೆ ಮಾಡಿ ನಿಂತರು. ಮಾರುಕಟ್ಟೆ ಕಡೆಯಿಂದ ಐಸ್ ಕುಟ್ಟುವ ಸದ್ದು ಬರುತ್ತಿತ್ತು. ಅವರು ಕೈ ತೆಗೆಯಲಿಲ್ಲ, ಒಬ್ಬೊಬ್ಬರ ಮುಖವನ್ನೇ ನೋಡುತ್ತ ಬಂದರು.

"ತಣ್ಣಗಿದೆಯಲ್ರೀ."

"ಕೆಲಸದವರು, ಬು, ಅತಿ ಉತ್ಸಾಹದಲ್ಲಿ..." ಎಂದು ಪ್ರಯಿತ್ನೊ ನಗಲು ನೋಡಿದ. "ತಾವು ಬರ್ತೀರಿ ಅಂತ ಖುಷಿಯಲ್ಲಿ ಸ್ವಲ್ಪ ಜಾಸ್ತಿ ತೊಳೆದುಬಿಟ್ಟಿದಾರಂತೆ."

"ಯಾರು ತೊಳೆದದ್ದು?"

"ನಾನು, ಬು," ಎಂದಳು ಗಿನೆಮ್. ಬಾಟಲಿಗಳನ್ನು ಬಿಟ್ಟು ಮುಂದೆ ಬಂದಿದ್ದಳು. "ನಂದೇ ತಪ್ಪು. ಗೊತ್ತಾಗಲಿಲ್ಲ."

ಹಾಗಾದರೆ ಕೇಳಿಸಿತ್ತು. ಕೇಳಿಸಿಕೊಂಡು, ಬಾಟಲಿಗಳನ್ನು ನೆಟ್ಟಗೆ ಜೋಡಿಸಿ, ಅವನ ಸುಳ್ಳನ್ನು ಎತ್ತಿ ತನ್ನ ತಲೆಯ ಮೇಲಿಟ್ಟುಕೊಂಡು ಬಂದಿದ್ದಾಳೆ. ಸುಮ್ಮನಿದ್ದರೆ ಮುಗಿಯಿತು. ವರದಿಯಲ್ಲಿ ಕೆಲಸದವರ ಅಚಾತುರ್ಯ ಎಂದು ಬರುತ್ತದೆ, ಶೆಡ್ಡು ಹೋಗುತ್ತದೆ, ಇವಳು ಮನೆಗೆ ಹೋಗುತ್ತಾಳೆ, ಫ್ಯಾನಿನ ಕೆಳಗೆ ಕುರ್ಚಿ, ಪಕ್ಕದವರು ಸರಿಸದ ಕುರ್ಚಿ, ಕೂಸನ್ನು ಎತ್ತಿಕೊಳ್ಳಲು ಟವೆಲು ಬೇಡ. ಬೈಕಿನ ಸೀಟಿನ ಮೇಲೆ ಎಲೆಯ ಪೊಟ್ಟಣ, ಅದರ ಬಿಸಿ ಅಂಗೈಗೆ ಹತ್ತಿದಂತಾಯಿತು. ಆರು ವರ್ಷದಿಂದ ಹೇಳದೆ ಉಳಿದದ್ದು ಮೇಲೆ ಬಂತು. ಬಂದದ್ದು ಎಂದಿನ ಬಾಗಿಲಿಂದಲೇ.

"ಸುಳ್ಳು ಯಾಕೆ ಹೇಳ್ತೀರಿ ಯು!" ಎಂದು ಕಿರುಚಿದ. ಎಲ್ಲರೂ ಬೆಚ್ಚಿದರು, ಅವನೂ. "ಯಾರು ಹೇಳಿದ್ದು ನಿಮಗೆ ಸುಳ್ಳು ಹೇಳಿ ಅಂತ? ಬು, ಇವರಲ್ಲ. ನಾನು. ನಾನು ತೊಳೆಸಿದ್ದು. ಇವರು ಬೇಡ ಅಂದ್ರು. ಮೂರು ಸಲ ಅಂದ್ರು. ರಾಶಿಗೆ ಥಂಡಿ ಹಿಡಿಯುತ್ತೆ ಅಂದ್ರು. ಇವರಿಗೆ ಗೊತ್ತಿತ್ತು, ನನಗೆ ಗೊತ್ತಿರಲಿಲ್ಲ. ಬೆಳಿಗ್ಗೆ ಹೆಂಗಸರು ತೊಳೆದ್ರು ಅಂತ ಹೇಳಿದವನೂ ನಾನೇ!"

"ಸರಿ, ಮೆಲ್ಲಗೆ ಹೇಳಿ, ನನಗೆ ಕಿವಿ ಇದೆ," ಎಂದರು ಬು ತೆನ್ರಿ. "ಯಾಕೆ ತೊಳೆಸಿದ್ರಿ?"

"ವಾಸನೆ ಬರುತ್ತೆ ಅಂತ."

"ಗೊಬ್ಬರದಿಂದ ಇನ್ನೇನು ಬರಬೇಕಿತ್ತು, ಹಾಡಾ?"

"ಗೊಬ್ಬರದಿಂದಲ್ಲ," ಎಂದ ಮರ್ಗೊನೊ. ದನಿ ಇಳಿದುಹೋಗಿತ್ತು. "ನನ್ನಿಂದ."

ಪ್ರಯಿತ್ನೊ ತನ್ನ ಬೂಟಿನ ತುದಿ ನೋಡಿದ. ಹೆಂಗಸರಲ್ಲಿ ಒಬ್ಬಳು ಬಾಯಿಗೆ ತಲೆವಸ್ತ್ರದ ಅಂಚು ಹಿಡಿದಳು, ನಗುವಿಗಲ್ಲ. ಬು ತೆನ್ರಿ ಕೈಯನ್ನು ರಾಶಿಯಿಂದ ಹೊರಗೆ ತೆಗೆದು, ಮೂಗಿನ ಹತ್ತಿರ ಹಿಡಿದು ಮೂಸಿದರು. "ಈಗ ನನ್ನ ಕೈ ಆಸ್ಪತ್ರೆ ನಾರ್ತಿದೆ," ಎಂದರು. "ಇದಕ್ಕಿಂತ ನಿಮ್ಮದೇ ವಾಸಿ ಇತ್ತೇನೋ." ಆಮೇಲೆ ಇಂಜಿನಿಯರ್ ಕಡೆ ತಿರುಗಿ, "ಹೇಳಿಬಿಡಲಾ ರುಸ್ಮಾನ್?" ಅಂದರು.

"ಬೇಡ ಬು. ದಯವಿಟ್ಟು."

"ಹೇಳ್ತೀನಿ. ಈ ಮನುಷ್ಯ ಇಷ್ಟು ಕಿರುಚಿದ ಮೇಲೆ ನಾನು ಸುಮ್ಮನಿರೋಕಾಗಲ್ಲ." ಅವರು ಸ್ವಾಗತ ಭಾಷಣದ ಕುರ್ಚಿಯೊಂದನ್ನು ಕಾಲಿಂದ ಎಳೆದು ರಾಶಿಯ ಪಕ್ಕ ಕೂತರು. "ನಮ್ಮೂರಿನ ರಾಶಿ ಮೂರು ಸಲ ಸತ್ತಿದೆ. ಹೋದ ವರ್ಷ ನಾವೇ ಕಳಿಸಿದ ಲೆಕ್ಕದಲ್ಲಿ ಐವತ್ತೆಂಟು ಡಿಗ್ರಿ ಅಂತ ಬರೆದಿದೀವಿ. ಬರೆದವನು ಇವನು, ಬರೀ ಅಂದವಳು ನಾನು. ನಾಲ್ಕು ಊರಿನವರ ಮುಂದೆ ಮರ್ಯಾದೆ ಹೋಗುತ್ತೆ ಅಂತ. ಆಮೇಲೆ ಬಿಸಿ ಮಾಡೋದು ಹೇಗೆ ಅಂತ ಕಲಿಯೋಕೆ ಅಲ್ಲಿ ಇಲ್ಲಿ ಅಲೆದೆವು. ಹೋದಲ್ಲೆಲ್ಲ ಹಬೆಯಾಡೋ ರಾಶಿ ತೋರಿಸ್ತಾರೆ, ಫೋಟೋ ತೆಗೆಸ್ತಾರೆ, ಬಿಸ್ಕತ್ತು ಕೊಡ್ತಾರೆ. ತಣ್ಣಗಿರೋದನ್ನ ಎಬ್ಬಿಸೋದು ಹೆಂಗೆ ಅಂತ ಒಬ್ಬರೂ ತೋರಿಸಲಿಲ್ಲ. ನಾವೂ ಕೇಳೋ ಹಾಗಿಲ್ಲ. ನಮ್ಮದು ಬಿಸಿ ಇದೆಯಲ್ಲ, ಕಾಗದದ ಮೇಲೆ!" ಅವರು ಗಿನೆಮ್‌ಳನ್ನು ನೋಡಿದರು. "ಯು, ಇದನ್ನ ಎಬ್ಬಿಸೋಕೆ ಬರುತ್ತಾ ನಿಮಗೆ?"

ಗಿನೆಮ್ ಮರ್ಗೊನೊನ ಮುಖ ನೋಡಿದಳು, ಅಪ್ಪಣೆಗೆ. ಅವನು ಬೇರೆ ಕಡೆ ನೋಡಿದ. "ಬರುತ್ತೆ, ಬು," ಎಂದಳು. "ಇವತ್ತು ಶುರು ಮಾಡಿದ್ರೆ ವಾರ ಹತ್ತು ದಿನ. ಮೊದಲು ಹೆಪ್ಪು ಮಾಡಬೇಕು. ಮಾರ್ಕೆಟ್ಟಿಗೆ ಹೋಗಬೇಕು."

"ನಡೀರಿ ಹೋಗೋಣ."

ಅವನು ಬುಟ್ಟಿ ಹೊತ್ತ. ಯಾರೂ ಹೊರಲು ಹೇಳಲಿಲ್ಲ. ಗೋಡೆಗೆ ಒರಗಿಸಿದ್ದ ಬಿದಿರಿನ ಬುಟ್ಟಿ ಕೈಗೆ ಸಿಕ್ಕಿತು, ಬೆನ್ನಿಗೆ ಹಾಕಿಕೊಂಡ. ಹನ್ನೊಂದು ವರ್ಷದಲ್ಲಿ ಅವನು ಈ ಮಾರುಕಟ್ಟೆಯ ಓಣಿಗಳಲ್ಲಿ ಕೈ ಹಿಂದೆ ಕಟ್ಟಿ ನಡೆದಿದ್ದನೇ ಹೊರತು ಏನನ್ನೂ ಹೊತ್ತಿರಲಿಲ್ಲ. ಮುಂದೆ ಗಿನೆಮ್, ಅವಳ ಪಕ್ಕ ರಬ್ಬರ್ ಬೂಟಿನ ಬು ತೆನ್ರಿ, ಪ್ರ್ಯಾಕ್ ಪ್ರ್ಯಾಕ್ ಎಂದು ಒದ್ದೆ ನೆಲದಲ್ಲಿ ನಡೆಯುತ್ತ, ಪ್ರತಿಯೊಂದಕ್ಕೂ ಯಾಕೆ ಎಂದು ಕೇಳುತ್ತ. ಬೂಷ್ಟು ಹಿಡಿದ ಟೆಂಪೆ ಯಾಕೆ, ಹುಳಿಬರಿಸಿದ ಮರಗೆಣಸು ಯಾಕೆ, ತೌಡು ಎಷ್ಟು, ಬೆಲ್ಲ ಕರಿಯದೇ ಆಗಬೇಕಾ. ಗಿನೆಮ್ ಹೇಳುತ್ತಿದ್ದಳು, ಮೊದಲು ಒಂದೊಂದೇ ಮಾತು, ಆಮೇಲೆ ಎರಡೆರಡು, ತೌಡಿನ ಅಂಗಡಿ ಬರುವಷ್ಟರಲ್ಲಿ ಕೈ ಆಡಿಸಿ. ಅವಳ ಕೈ ಇಷ್ಟು ಮಾತಾಡುತ್ತದೆಂದು ಅವನಿಗೆ ಗೊತ್ತಿರಲಿಲ್ಲ. ಅವಳು ಯಾವ ಅಂಗಡಿಯ ಮುಂದೆಯೂ ಬೇಡಲಿಲ್ಲ, ನಿಂತಳು ಅಷ್ಟೇ.

"ಏನ್ ಯು, ರಾಶಿ ಸತ್ತೋಯ್ತಂತೆ?" ಟೆಂಪೆ ಮಾರುವ ದಪ್ಪ ಹೆಂಗಸು ಕೇಳಿದಳು. ಸುದ್ದಿ ಅವರಿಗಿಂತ ಮುಂಚೆ ಓಣಿ ದಾಟಿತ್ತು.

"ಸತ್ತಿಲ್ಲ. ಥಂಡಿ ಹಿಡಿದಿದೆ."

"ಯಾವನಪ್ಪ ಆ ನೀರು ಹುಯ್ದ ಪುಣ್ಯಾತ್ಮ?"

ಗಿನೆಮ್ ಟೆಂಪೆಯ ಎಲೆ ಬಿಡಿಸಿ ನೋಡುತ್ತಿದ್ದಳು, ಕೇಳಿಸದವಳ ಹಾಗೆ.

"ನಾನು," ಎಂದ ಮರ್ಗೊನೊ.

"ಅಯ್ಯೋ! ಸಾಹೇಬ್ರು ಬಕೀಟು ಎತ್ತಿದ್ರಾ? ಸೊಂಟ ಹೆಂಗಿದೆ ಈಗ?" ಅಂಗಡಿ ಸಾಲೆಲ್ಲ ನಕ್ಕಿತು. ಮೊನ್ನೆಯಾಗಿದ್ದರೆ ಅವನು ಅವಳ ತಕ್ಕಡಿ ಒದೆಯುತ್ತಿದ್ದ. ಈಗ ಮುಖ ಬಿಸಿಯಾಯಿತು, ಹಾಗೇ ನಿಂತ. ಅವಳು ನಗುತ್ತಲೇ ಮಾರಲಾಗದ ಟೆಂಪೆಯನ್ನೆಲ್ಲ ಅವನ ಬೆನ್ನಿನ ಬುಟ್ಟಿಗೆ ಸುರಿದಳು. ಪಕ್ಕದವನು ಹಣ್ಣು ಮೀರಿದ ಪಪ್ಪಾಯಿ ಇಟ್ಟ. ತೌಡಿನವನು ಒಂದು ಚೀಲ ಹೊರಗೆ ದೂಡಿ, "ಹಣ ಕೇಳಿದ್ನಾ ನಾನು? ತಗೊಂಡ್ಹೋಗಿ," ಎಂದು ಗದರಿದ. ಇವರೇ ತಾನೇ ಶೆಡ್ಡಿನ ಜಾಗದಲ್ಲಿ ಕಾರು ನಿಲ್ಲಬೇಕೆಂದು ಸಹಿ ಹಾಕಿದವರು? ಅದೂ ಇರಬಹುದು, ಇದೂ ಇರಬಹುದು. ಪಪ್ಪಾಯಿಯ ರಸ ಬುಟ್ಟಿಯ ಹೆಣಿಗೆಯಿಂದ ಇಳಿದು ಅಂಗಿಯೊಳಗೆ ಬೆನ್ನಗುಂಟ ಹರಿಯತೊಡಗಿತು. ಬೆಚ್ಚಗಿತ್ತು. ಯಾರೂ ಅವನ ಮೇಲೆ ಉಪಕಾರ ಹೊರಿಸುತ್ತಿರಲಿಲ್ಲ, ಹೊರಿಸುತ್ತಿದ್ದದ್ದು ಬರೀ ಕೊಳೆತ ಹಣ್ಣು. ಆದರೂ ಪ್ರತಿ ಅಂಗಡಿಗೂ ಬುಟ್ಟಿ ಭಾರವಾಗುತ್ತ, ಅವನ ಕಣ್ಣು ಮಂಜಾಗುತ್ತ ಹೋಯಿತು. ಒಂದೊಂದು ಮುಖವನ್ನೂ ಅವನು ಯಾವತ್ತಾದರೂ ಬೈದಿದ್ದ. ಒಂದೊಂದೂ ಈಗ ಏನೋ ಹಾಕಿ ತಿರುಗಿ ತನ್ನ ಕೆಲಸಕ್ಕೆ ಹೋಗುತ್ತಿತ್ತು.

ಮೇಯರ್ ಬಂದಾಗ ತೊಟ್ಟಿಯಲ್ಲಿ ಗಿನೆಮ್, ಬು ತೆನ್ರಿ, ಪ್ಯಾಂಟು ಮಡಚಿದ ರುಸ್ಮಾನ್, ಮೂವರೂ ತೌಡು ಕಲೆಸುತ್ತಿದ್ದರು. ಭಾಷಣಕ್ಕೆ ಇಪ್ಪತ್ತು ನಿಮಿಷ ಅಂತ ಬಂದವರು, ಚುರುಕು ಕಣ್ಣಿನ ಹೆಂಗಸು, ಹಿಂದೆ ಫೋಟೋದವರು. ಪ್ರಯಿತ್ನೊ ಅಡ್ಡ ಓಡಿದ. ಬು ತೆನ್ರಿ ತೊಟ್ಟಿಯಿಂದಲೇ, "ಮೇಯರ್ ಬು, ಕೈ ಕೊಡೋಕಾಗಲ್ಲ, ಕ್ಷಮಿಸಿ," ಎಂದು ಕೂಗಿ, ನಡೆದದ್ದನ್ನೆಲ್ಲ ಹೇಳಿದರು. ನಿಮ್ಮ ರಾಶಿ ತಣ್ಣಗಿತ್ತು ಅಂತ ನಾನು ಬರೀತೀನಿ, ನಮ್ಮ ರಾಶಿ ಸತ್ತಿದೆ ಅಂತಲೂ ನಾನೇ ಬರೀತೀನಿ ಅಂದರು. ಒಂದು ತಿಂಗಳ ಮಟ್ಟಿಗೆ ಈ ಗಿನೆಮ್ ಅವರನ್ನು ನಮ್ಮೂರಿಗೆ ಕಳಿಸಿಕೊಡಿ, ಊರಿಂದ ಊರಿಗೆ ಸಹಾಯ ಅಂತ ಸಹಿ ಹಾಕಿದ್ದು ಬಿಸ್ಕತ್ತಿಗಲ್ಲ ಅಂದರು.

ಮೇಯರ್ ಮೇಲ್ವಿಚಾರಕನ ಕಡೆ ತಿರುಗಿದರು. "ಪಾಕ್ ಮರ್ಗೊನೊ, ನಿಜಾನಾ?"

"ನಿಜ, ಬು."

"ನೀವೇನಾ ತೊಳೆಸಿದ್ದು?"

"ನಾನೇ."

"ವರದಿ ಹಾಗೇ ಹೋಗ್ಲಿ, ಗಿನೆಮ್ ಅವರೂ ಹೋಗ್ಲಿ," ಎಂದರು ಮೇಯರ್. ಪ್ರಯಿತ್ನೊ ಬಾಯಿ ತೆರೆದ. ಅವರು ಅವನತ್ತ ತಿರುಗಿ, "ಆ ಪಾರ್ಕಿಂಗ್ ಫೈಲು ಎಲ್ಲಿದೆ?" ಎಂದು ಕೇಳಿದರು.

"ತಯಾರಿದೆ, ಬು. ತಮ್ಮ ಸಹಿ ಒಂದೇ."

"ಅರವತ್ತು ದಿನ ನಿಮ್ಮ ಹತ್ರಾನೇ ಇರಲಿ. ಆಮೇಲೆ ಉಳಿದ ನಾಲ್ಕೂ ಊರಿನವರು ಬಂದು ಕೈ ಹಾಕಿ ನೋಡ್ತಾರೆ. ಬಿಸಿ ಇದ್ರೆ ಶೆಡ್ಡು. ಇಲ್ಲದಿದ್ರೆ ಕಾರು." ಅಷ್ಟು ಹೇಳಿ, ಭಾಷಣ ಮಾಡದೆ, ತಣ್ಣಗಾದ ಟೀ ನಿಂತೇ ಕುಡಿದು ಹೋದರು.

ಮಧ್ಯಾಹ್ನ ಪುರಭವನದಿಂದ ತುಂಬಬೇಕಾದ ಒಂದು ಅರ್ಜಿ ಬಂತು; ಬೇರೆ ಊರಿಗೆ ಕಳಿಸುವ ತಜ್ಞರ ವಿವರ. ಅತಿಥಿಗಳು ಊಟಕ್ಕೆ ಹೋಗಿದ್ದರು. ಮರ್ಗೊನೊ ಗಿನೆಮ್‌ಳನ್ನು ಕರೆದು ಬೆಂಚಿನ ಮೇಲೆ ಕೂರಿಸಿ, ತಾನು ನಿಂತುಕೊಂಡೇ, ಕಂಬಕ್ಕೆ ಕಾಗದ ಒತ್ತಿ ಬರೆಯತೊಡಗಿದ. ಹೆಸರಿಗೆ ಎರಡು ಚೌಕ ಇತ್ತು. ಅವಳಿಗಿದ್ದದ್ದು ಒಂದೇ ಹೆಸರು.

"ಹುಟ್ಟಿದ ದಿನ?"

"ಬುಧವಾರ, ಪಾಕ್. ಐದು ದಿನದ ಸಂತೆ ಲೆಕ್ಕದಲ್ಲಿ ವಗೆ."

"ಇಸವಿ?"

"ಬೆಂಕಿಬೆಟ್ಟ ಉಗುಳಿ ಬೂದಿ ಬಿದ್ದ ವರ್ಷ. ನಾನು ಹೊಟ್ಟೇಲಿದ್ದಾಗ ಒಣಗಾಕಿದ ಬಟ್ಟೇನೆಲ್ಲ ಎರಡೆರಡು ಸಲ ಒಗೀಬೇಕಾಗಿತ್ತಂತೆ ಅಮ್ಮ. ಗುರುತಿನ ಚೀಟೀಲಿ ಜನವರಿ ಒಂದು ಅಂತಿದೆ. ಅದು ಗುಮಾಸ್ತ ಹಾಕಿದ್ದು, ನಂದಲ್ಲ."

ಜನವರಿ ಒಂದು ಎಂದು ಬರೆದು, ಪಕ್ಕದಲ್ಲಿ ಸಣ್ಣಗೆ ಬುಧವಾರ, ವಗೆ ಎಂದೂ ಬರೆದ. ವಿದ್ಯಾಭ್ಯಾಸದ ಕಡೆ ಬಂದಾಗ ಪೆನ್ನು ನಿಂತಿತು. ಅವಳನ್ನು ಕೇಳಬೇಕಾಗಿರಲಿಲ್ಲ, ಊರೆಲ್ಲ ಕೇಳುವಂತೆ ಅವನೇ ಕೂಗಿ ಹೇಳಿದ್ದ. ಎರಡನೇ ತರಗತಿ ಎಂದು ಬರೆದ. ಅದರ ಕೆಳಗೆ ವಿಶೇಷ ಅರ್ಹತೆ ಎಂಬ ಜಾಗವಿತ್ತು, ಎರಡು ಗೆರೆ. ಬಹಳ ಹೊತ್ತು ನೋಡಿದ. ಹೊಗಳುವ ಮಾತು ಅವನಿಗೆ ಬರೆಯಲೂ ಬರುತ್ತಿರಲಿಲ್ಲ. ಕಡೆಗೆ, ಮೇಲ್ವಿಚಾರಕನು ತಪ್ಪು ಮಾಡುವಾಗ ಮೂರು ಸಲ ಬೇಡ ಎಂದು ಹೇಳಿದ್ದಾರೆ, ಎಂದು ಬರೆದ. ಪ್ರಯಿತ್ನೊ ಇದನ್ನು ಹೊಡೆದು ಹಾಕಬಹುದು. ಹಾಕಲಿ, ಹೊಡೆದುಹಾಕಬೇಕಾದರೆ ಓದಲೇಬೇಕಲ್ಲ.

"ನಾನಿಲ್ಲದಾಗ ರಾಶಿ ಯಾರು ನೋಡ್ಕೊಳೋದು ಪಾಕ್?"

"ನಾನು."

ತೊಟ್ಟಿಯ ಹತ್ತಿರ ಊಟಕ್ಕೆ ಕೂತಿದ್ದ ಹೆಂಗಸರು ಒಬ್ಬರನ್ನೊಬ್ಬರು ನೋಡಿದರು. ಗಿನೆಮ್ ನಗಲಿಲ್ಲ. ಅವನನ್ನು ಅಡಿಯಿಂದ ಮುಡಿಯವರೆಗೆ, ಕೊಳ್ಳುವ ಮುಂಚೆ ಮರಗೆಣಸನ್ನು ನೋಡುವ ಹಾಗೆ, ನೋಡಿದಳು.

"ಬೆಳಿಗ್ಗೆ ಒಂದ್ಸಲ, ಮಧ್ಯಾಹ್ನ ಒಂದ್ಸಲ ತಿರುವಬೇಕು. ಬುಡದ್ದು ಮೇಲೆ, ಮೇಲಿಂದು ಬುಡಕ್ಕೆ. ನೀರು ಕೈಯಲ್ಲಿ ಚಿಮುಕಿಸಿ, ಪೈಪು ಮುಟ್ಟಬೇಡಿ. ಐದು ದಿನ ಬಿಸಿ ಬರಲ್ಲ, ಗಾಬರಿ ಬೀಳಬೇಡಿ. ಆರನೇ ದಿನ ಒಂಥರಾ ಹುಳಿ ವಾಸನೆ ಬರುತ್ತೆ, ಅದು ಒಳ್ಳೇದು. ಆಮೇಲೆ..." ಎಂದು ನಿಲ್ಲಿಸಿದಳು.

"ಹೇಳಿ."

"ಅಲ್ಲಿ ನಿಂತ್ಕೊಂಡು ಬೈಬೇಡಿ."

ಅವನಿಗೆ ನಗು ಬಂತು. "ಬೈದ್ರೆ ರಾಶಿಗೇನಾಗುತ್ತೆ?"

"ರಾಶಿಗೇನೂ ಆಗಲ್ಲ, ಪಾಕ್," ಎಂದಳು ಗಿನೆಮ್. "ನಮಗಾಗುತ್ತೆ."

ಹೆಂಗಸರ ಕೈ ಊಟದ ಎಲೆಯ ಮೇಲೆ ನಿಂತಿತು. ಗಿನೆಮ್ ನೆಲ ನೋಡುತ್ತಿರಲಿಲ್ಲ. ಮರ್ಗೊನೊ ತನ್ನೊಳಗೆ ಸಿಟ್ಟು ಎದ್ದು ಬರುವುದನ್ನು ಕಾದ, ಅದಕ್ಕೆ ದಾರಿ ಗೊತ್ತಿತ್ತು, ಬಾಗಿಲು ಗೊತ್ತಿತ್ತು. ಬರಲಿಲ್ಲ. ಅದರ ಜಾಗದಲ್ಲಿ ಬಂದದ್ದು ಎಂಥದೋ ಹಗುರ. ಹನ್ನೊಂದು ವರ್ಷದಿಂದ ಬೆನ್ನ ಮೇಲೆ ಅಂಟಿಕೊಂಡದ್ದನ್ನು ಯಾರೋ, ನಾಚಿಕೆಯಾಗದ ಹಾಗೆ, ಅಲ್ಲಿದೆ ನೋಡು ಎಂದು ಬೆರಳಿಟ್ಟು ತೋರಿಸಿದಂತೆ. ಕುರ್ಚಿ ಸರಿಸಲಿಲ್ಲ, ನಕ್ಕು ಮುಚ್ಚಲಿಲ್ಲ. ಹೇಳಿದಳು. ತನಗೆ ಇಷ್ಟು ದೊಡ್ಡದನ್ನು ಯಾರೂ ಕೊಟ್ಟಿರಲಿಲ್ಲ ಎನ್ನಿಸಿತು ಅವನಿಗೆ.

"ಇನ್ನೇನಾದ್ರೂ ಇದೆಯಾ ಯು?" ಎಂದು ಕೇಳಿದ.

"ತುಂಬಾ ಇದೆ," ಎಂದು ಗಿನೆಮ್ ಬೆಂಚಿನ ಮೇಲೆ ಪಕ್ಕಕ್ಕೆ ಸರಿದು ಜಾಗ ಮಾಡಿದಳು. "ಕೂತ್ಕೊಳಿ."

ಅವನು ಕೂತ.